ಮ್ಯೂಟ್ ಮಾಡಿದ್ರೂ ಪಾರ್ಟಿ ಯಾವ್ದು ಅಂತ ಗೊತ್ತಾಗತ್ತೆ

2024ರ ಏಪ್ರಿಲ್ ಕೊನೇಲಿ ಬೆಂಗಳೂರಿಂದ ಶಿವಮೊಗ್ಗದ ಟ್ರೈನಲ್ಲಿ ಕೂತಿದ್ದೆ. ಬೆಂಗಳೂರಲ್ಲಿ 26ಕ್ಕೆ ವೋಟಿಂಗ್ ಮುಗಿದಿತ್ತು, ಬೋಗೀಲಿ ತುಂಬಾ ಜನರ ಬೆರಳಲ್ಲಿ ಇಂಕು ಕಾಣ್ತಿತ್ತು, ನಮ್ಮ ಕಡೆ ಮಾತ್ರ ಮೇ 7ಕ್ಕೆ. ಹಂಗಾಗಿ ಗಲಾಟೆ ಮುಗಿದ ಊರಿಂದ ಗಲಾಟೆ ಇನ್ನೂ ಜೋರಾಗಿರೋ ಊರಿಗೆ ಹೋಗ್ತಿದ್ವಿ. ಪಕ್ಕದ ಸೀಟಿನ ಹುಡುಗ ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಂಡು ರೀಲ್ಸ್ ತಳ್ತಾ ಇದ್ದ. ಬೇರೆಯವರ ಫೋನ್ ಇಣುಕಬಾರದು ಅಂತ ಗೊತ್ತು, ಆದ್ರೆ ಅರಸೀಕೆರೆ ತನಕ ಹೊತ್ತು ಹೋಗ್ಬೇಕಲ್ಲ, ಅವನೂ ಸ್ಕ್ರೀನು ಮುಚ್ಚಿಟ್ಕೊಂಡಿರ್ಲಿಲ್ಲ. ಎರಡರಲ್ಲಿ ಒಂದು ವಿಡಿಯೋ ಎಲೆಕ್ಷನ್‌ದೇ. ನಂಗೆ ಒಂದಕ್ಷರ ಕೇಳಿಸ್ತಿರ್ಲಿಲ್ಲ. ಆದ್ರೂ ಪ್ರತಿ ಸಲ ಅವನು ಹೆಬ್ಬೆರಳು ತಳ್ಳಿದ ತಕ್ಷಣ ಇದು ಯಾರ ಪರ, ಯಾರಿಗೆ ಬೈಯ್ತಿದೆ ಅನ್ನೋದು ಗೊತ್ತಾಗಿಬಿಡ್ತಿತ್ತು. ಚಿಹ್ನೆ ಬರೋ ಮುಂಚೆ. ಕೆಲವು ಸಲ ಮುಖ ಕಾಣೋ ಮುಂಚೆನೇ.

ಇದು ನನ್ನ ಜಾಣತನ ಅಲ್ಲ, ನೀವೂ ಮಾಡ್ಬಹುದು, ಮನೇಲಿ ಸೌಂಡ್ ಆಫ್ ಮಾಡಿ ನೋಡಿ. ಕೇಸರಿ ಬಣ್ಣಕ್ಕೆ ಇನ್ನಷ್ಟು ಬೆಂಕಿ ಬೆರೆಸಿ, ಮೋಡ ಓಡೋ ಆಕಾಶ, ಕೆಳಗಿಂದ ಮೇಲಕ್ಕೆ ನೋಡೋ ಕ್ಯಾಮೆರಾ, ಹಾರ್ತಿರೋ ಬಾವುಟ ಬಂದ್ರೆ ಒಂದು ಕಡೆ. ನೀಲಿ ಹಿನ್ನೆಲೆ, ಸಂವಿಧಾನದ ಪುಸ್ತಕ, ಗ್ಯಾರಂಟಿ ಕಾರ್ಡು ಹಿಡ್ಕೊಂಡ ಹೆಂಗಸರ ನಗುಮುಖ ಬಂದ್ರೆ ಇನ್ನೊಂದು ಕಡೆ. ಬೈಯ್ಯೋ ವಿಡಿಯೋ ಆದ್ರೆ ಇನ್ನೂ ಸುಲಭ, ಯಾರ ಬಣ್ಣ ಹೀರಿ ಬೂದಿ ಮಾಡಿದಾರೋ ಅವರು ವಿಲನ್ನು. ಆ ಹುಡುಗ ಯಾವ ವಿಡಿಯೋಕ್ಕೆ ನಿಲ್ತಿದ್ದ, ಯಾವುದನ್ನ ತಳ್ತಿದ್ದ ಅಂತ ನೋಡಿದ್ರೆ ಅವನೂ ಅದೇ ಲೆಕ್ಕದಲ್ಲೇ ನೋಡ್ತಿದ್ದ ಅನ್ಸ್ತು. ಮಾತು ಶುರು ಆಗೋಕೂ ಬಿಡ್ತಿರ್ಲಿಲ್ಲ. ಬಣ್ಣ ನೋಡಿದ ತಕ್ಷಣ ತಳ್ಳು, ಇಲ್ಲಾಂದ್ರೆ ನಿಲ್ಲು.

ಅವತ್ತಿಂದ ಇದು ತಲೇಲಿ ಕೊರೀತಾ ಇದೆ. ಮುಂಚೆ ಒಂದೇ ಪಟ ನೋಡಿ ನೀನೊಂದು ಹೇಳ್ತಿದ್ದೆ ನಾನೊಂದು ಹೇಳ್ತಿದ್ದೆ, ಜಗಳ ಆಗ್ತಿತ್ತು. ಈಗ ಪಟನೇ ಪಾರ್ಟಿ ಸೇರಿಕೊಂಡು ಮನೆಗೆ ಬರ್ತಿದೆ, ಜಗಳ ಆಡೋಕೆ ಮಧ್ಯದಲ್ಲಿ ಇಬ್ಬರಿಗೂ ಸೇರಿದ್ದು ಏನೂ ಉಳಿದಿಲ್ಲ.

ಶಾಲು ಮತ್ತೆ ಕಂಬ

ನಮ್ಮ ರಾಜ್ಯದ ರಾಜಕೀಯದಲ್ಲಿ ಬಣ್ಣ ಹೊಸದಲ್ಲ. ಹಸಿರು ಶಾಲು ಹೊದ್ದವರು ರೈತ ಸಂಘದವರು ಅಂತ ಹಳ್ಳಿ ಮಕ್ಕಳಿಗೂ ಗೊತ್ತಿತ್ತು, ಆಮೇಲೆ ಯಡಿಯೂರಪ್ಪನವರು ಅದನ್ನ ಹೊದ್ದು ಪ್ರಮಾಣವಚನ ತಗೊಂಡ್ರು, ಜೆಡಿಎಸ್‌ನವರದ್ದಂತೂ ಹೇಗಿದ್ರೂ ಹಸಿರೇ. ಆದ್ರೆ ಶಾಲು ಫೋನಿಗೋಸ್ಕರನೇ ಬಂತು ಅನ್ನೋ ಥರ ಆಗಿದ್ದು 2022ರ ಫೆಬ್ರವರಿ. ಉಡುಪಿಯಿಂದ ಶುರುವಾದ ಹಿಜಾಬ್ ಗಲಾಟೆ ಊರಿಂದ ಊರಿಗೆ ಹಬ್ಬಿತ್ತು, ಒಂದು ಕಡೆ ಹಿಜಾಬು, ಎದುರಿಗೆ ಕೇಸರಿ ಶಾಲು, ಚಿಕ್ಕಮಗಳೂರಲ್ಲಿ ದಲಿತ ಹುಡುಗರು ನೀಲಿ ಶಾಲು ಹಾಕ್ಕೊಂಡು ಜೈ ಭೀಮ್ ಅಂತ ಹಿಜಾಬ್ ಹುಡುಗಿಯರ ಪರ ನಿಂತ್ರು. ಮೂರು ಬಣ್ಣ, ಯಾರೂ ಏನೂ ಹೇಳೋದೇ ಬೇಡ, ಫೋನ್ ತೆಗೆದು ಹಿಡಿದ್ರೆ ಸಾಕು. ಅವರಲ್ಲಿ ಬಹಳ ಮಕ್ಕಳಿಗೆ ವೋಟು ಹಾಕೋ ವಯಸ್ಸೂ ಆಗಿರ್ಲಿಲ್ಲ.

ಫೆಬ್ರವರಿ 8ನೇ ತಾರೀಖು ನಮ್ಮ ಶಿವಮೊಗ್ಗದ ಒಂದು ಸರ್ಕಾರಿ ಕಾಲೇಜಲ್ಲಿ ಹುಡುಗನೊಬ್ಬ ಧ್ವಜದ ಕಂಬ ಹತ್ತಿ ಕೇಸರಿ ಬಾವುಟ ಕಟ್ಟಿದ. ಕೆಳಗೆ ಹುಡುಗರು ಕಿರುಚ್ತಿದ್ರು, ಎಷ್ಟೋ ಫೋನುಗಳು ಮೇಲೆ ಎದ್ದಿದ್ವು. ಆ ವಿಡಿಯೋ ಅವತ್ತೇ ರಾಜ್ಯ ಎಲ್ಲಾ ಓಡಾಡ್ತು. ರಾಷ್ಟ್ರಧ್ವಜ ಇಳಿಸಿ ಕೇಸರಿ ಹಾರಿಸಿದ್ರು ಅಂತ ಡಿ.ಕೆ. ಶಿವಕುಮಾರ್ ಹೇಳಿದ್ರು, ಆಮೇಲೆ ಪೊಲೀಸ್ ಎಸ್‌ಪಿ ಕಂಬದಲ್ಲಿ ಆಗ ರಾಷ್ಟ್ರಧ್ವಜ ಇರ್ಲಿಲ್ಲ, ಬರೀ ಕಂಬ ಇತ್ತು ಅಂತ ಸ್ಪಷ್ಟ ಮಾಡಿದ್ರು. ಅಷ್ಟೊತ್ತಿಗೆ ಯಾರು ಏನು ನೋಡ್ಬೇಕು ಅಂತಿದ್ರೋ ಅದನ್ನ ನೋಡಿ ಮುಗಿಸಿದ್ರು. ನಂಗೆ ಗೊತ್ತಿರೋ ಒಬ್ಬರು ಇವತ್ತಿಗೂ ತ್ರಿವರ್ಣ ಇಳಿಸಿದ್ದನ್ನ ಕಣ್ಣಾರೆ ಕಂಡೆ ಅಂತಾರೆ. ಇನ್ನೊಬ್ಬರು ಅವತ್ತು ಏನೂ ಆಗೇ ಇಲ್ಲ, ಹುಡುಗರಾಟ ಅಂತಾರೆ. ಖಾಲಿ ಕಂಬಕ್ಕೇ ಆದ್ರೂ ಕಾಲೇಜಿನ ಧ್ವಜಸ್ತಂಭಕ್ಕೆ ಒಂದು ಗುಂಪಿನ ಬಾವುಟ ಯಾಕೆ ಏರ್ತು ಅನ್ನೋ ನೆಟ್ಟಗಿನ ಪ್ರಶ್ನೆ ಇಬ್ಬರ ಕೈಗೂ ಸಿಗ್ಲಿಲ್ಲ.

ಮುಂದಿನ ವರ್ಷ ಅಸೆಂಬ್ಲಿ ಎಲೆಕ್ಷನ್ ಬಂದಾಗ ಈ ಎಲ್ಲಾ ಕ್ಲಿಪ್ಪುಗಳು ವಾಪಸ್ ಬಂದ್ವು, ತಾರೀಖು ಇಲ್ದೆ. ಅದು ಈ ರೀಲ್ಸ್‌ನ ಇನ್ನೊಂದು ಗುಣ, ಹಳೇ ಗಾಯ ಯಾವಾಗ ಬೇಕಾದ್ರೂ ಹೊಸದಾಗಿ ಕಾಣತ್ತೆ. ಫಲಿತಾಂಶ ನೋಡಿದ್ರೆ ಮಾತ್ರ ಇದೇ ಆಯ್ತು ಅಂತ ಒಂದೇ ಸಾಲಲ್ಲಿ ಹೇಳೋಕಾಗಲ್ಲ. ಉಡುಪಿ ಕಾಲೇಜಿನ ಅಭಿವೃದ್ಧಿ ಸಮಿತಿಯಲ್ಲಿದ್ದ ಯಶ್‌ಪಾಲ್ ಸುವರ್ಣ ಬಿಜೆಪಿ ಟಿಕೆಟಲ್ಲಿ ಗೆದ್ರು. ಆಗ ಶಿಕ್ಷಣ ಮಂತ್ರಿ ಆಗಿದ್ದ ಬಿ.ಸಿ. ನಾಗೇಶ್ ತಿಪಟೂರಲ್ಲಿ ಸೋತ್ರು. ಹಿಜಾಬ್ ಹಾಕ್ಕೊಂಡೇ ಸದನಕ್ಕೆ ಹೋಗೋ ಕನೀಜ್ ಫಾತಿಮಾ ಕಲಬುರಗಿ ಉತ್ತರದಲ್ಲಿ ಮತ್ತೆ ಗೆದ್ರು. 224ರಲ್ಲಿ ಕಾಂಗ್ರೆಸ್‌ಗೆ 135, ಬಿಜೆಪಿಗೆ 66. ಅಂದ್ರೆ ಜನ ವೋಟು ಹಾಕೋವಾಗ ಗ್ಯಾಸ್ ರೇಟು, ಕಮಿಷನ್ನು, ಲೋಕಲ್ ಕ್ಯಾಂಡಿಡೇಟು, ಜಾತಿ ಎಲ್ಲಾ ನೋಡ್ತಾರೆ, ಬರೀ ರೀಲ್ಸ್ ನೋಡಿ ಬಟನ್ ಒತ್ತಲ್ಲ. ನಾನು ಹೇಳ್ತಿರೋದು ವೋಟಿನ ಲೆಕ್ಕ ಅಲ್ಲ. ವೋಟು ಐದು ವರ್ಷಕ್ಕೊಂದು ಸಲ. ಪಕ್ಕದ ಮನೆಯವನನ್ನ ದಿನಾ ನೋಡ್ಬೇಕು.

ಕಂಬದ ಕಥೆ ಅಲ್ಲಿಗೇ ಮುಗೀಲಿಲ್ಲ. 2024ರ ಜನವರೀಲಿ ಮಂಡ್ಯದ ಕೆರಗೋಡಲ್ಲಿ 108 ಅಡಿ ಕಂಬ. ಅಲ್ಲಿ ಹನುಮ ಧ್ವಜ ಹಾರಿಸಿದ್ರು, ಅಧಿಕಾರಿಗಳು ಇಳಿಸಿ ರಾಷ್ಟ್ರಧ್ವಜ ಹಾಕಿದ್ರು, ಲಾಠಿ ಚಾರ್ಜು, ಪಾದಯಾತ್ರೆ, ಬಂದ್. ಆ ಪ್ರತಿಭಟನೇಲಿ ಕುಮಾರಸ್ವಾಮಿ ಕೇಸರಿ ಶಾಲು ಹಾಕ್ಕೊಂಡಿದ್ದೇ ದೊಡ್ಡ ಸುದ್ದಿ. ಭಾಷಣದಲ್ಲಿ ಏನು ಹೇಳಿದ್ರು ಅಂತ ಕೇಳಿದ್ರೆ ಯಾರಿಗೂ ನೆನಪಿಲ್ಲ, ಶಾಲು ಮಾತ್ರ ಎಲ್ಲರಿಗೂ ನೆನಪಿದೆ. ಅವರ ಜೆಡಿಎಸ್‌ಗೂ ಬಿಜೆಪಿಗೂ ಮೈತ್ರಿ ಆಗಿದ್ದು ಹಿಂದಿನ ಸೆಪ್ಟೆಂಬರಲ್ಲೇ, ಪೇಪರಲ್ಲಿ ಓದಿದ್ವಿ. ಆದ್ರೆ ನಿಜವಾಗ್ಲೂ ಮೈತ್ರಿ ಆಯ್ತು ಅಂತ ಹಳೇ ಮೈಸೂರಿನ ಜನಕ್ಕೆ ಅನ್ಸಿದ್ದು ಆ ಹೆಗಲ ಮೇಲಿನ ಬಟ್ಟೆ ನೋಡಿದಾಗ ಅಂತ ನನ್ನ ಅಂದಾಜು.

ಉದ್ದ ಫ್ರೇಮು

ಧ್ವಜದ ಕಂಬಗಳೇ ಯಾಕೆ ಇಷ್ಟು ವೈರಲ್ ಆಗ್ತಾವೆ ಅಂತ ಯೋಚನೆ ಮಾಡಿದಾಗ ಒಂದು ಸಣ್ಣ ವಿಷಯ ಹೊಳೀತು, ನಗಬೇಡಿ. ಕಂಬ ಉದ್ದಕ್ಕಿರತ್ತೆ, ಫೋನೂ ಉದ್ದಕ್ಕಿರತ್ತೆ. ಸರಿಯಾಗಿ ಕೂರತ್ತೆ. ಒಬ್ಬ ಮನುಷ್ಯ ನಿಂತ್ರೆ ಕೂರ್ತಾನೆ, ಕಟೌಟ್ ಕೂರತ್ತೆ, ದೊಡ್ಡ ಸೇಬಿನ ಹಾರ ಕ್ರೇನಲ್ಲಿ ಇಳಿಸೋದು ಕೂರತ್ತೆ. ಇಬ್ಬರು ಎದುರುಬದುರು ಕೂತು ಮಾತಾಡೋದು ಮಾತ್ರ ಕೂರಲ್ಲ. ಒಬ್ಬರನ್ನ ಕತ್ತರಿಸ್ಲೇಬೇಕು, ಇಲ್ಲಾಂದ್ರೆ ಇಬ್ಬರ ಅರ್ಧರ್ಧ ಮುಖ.

ನಮ್ಮ ಕನ್ನಡ ನ್ಯೂಸ್ ಚಾನೆಲ್‌ಗಳ ಡಿಬೇಟ್ ಬಗ್ಗೆ ನಂಗೇನೂ ಪ್ರೀತಿ ಇಲ್ಲ, ಎಂಟು ಕಿಟಕೀಲಿ ಎಂಟು ಜನ ಒಟ್ಟಿಗೆ ಕೂಗೋದು, ಕೆಳಗೆ ಮೂರು ಪಟ್ಟಿ ಓಡೋದು, ಮಧ್ಯದಲ್ಲಿ ಆ್ಯಂಕರ್ ಎಲ್ಲರಿಗಿಂತ ಜೋರು. ಆದ್ರೂ ಆ ಅಡ್ಡ ಪರದೇಲಿ ಎದುರಾಳಿ ಅನ್ನೋನು ಇರ್ತಿದ್ದ. ಬೈಸ್ಕೊಳ್ಳೋಕಾದ್ರೂ ಒಂದು ಕಿಟಕೀಲಿ ಕೂತಿರ್ತಿದ್ದ, ಇವನು ಹೇಳೋವಾಗ ಅವನು ತಲೆ ಅಲ್ಲಾಡಿಸೋದು ಕಾಣ್ತಿತ್ತು. ಈಗ ಅದೇ ಡಿಬೇಟಿಂದ ಒಬ್ಬನ ಕಿಟಕಿ ಕಿತ್ತು ಉದ್ದ ಮಾಡಿ, "ಬಾಯಿ ಮುಚ್ಚಿಸಿದ ನಾಯಕ" ಅಂತ ಹಾಕ್ತಾರೆ. ಬಾಯಿ ಮುಚ್ಚಿದ್ದು ಯಾರು ಅಂದ್ರೆ ಕ್ರಾಪ್ ಮಾಡಿದವನು. ಇನ್ನೊಂದು ಪೇಜಲ್ಲಿ ಪಕ್ಕದ ಕಿಟಕಿ ಹಂಗೇ ಓಡ್ತಾ ಇರತ್ತೆ. ಇಬ್ಬರೂ ಗೆದ್ದಿರ್ತಾರೆ. ನೋಡಿದವರೂ ನಮ್ಮೋನು ಗೆದ್ದ ಅಂತ ಮಲಗ್ತಾರೆ.

ಇದಕ್ಕೆ ಯಾರೋ ಒಬ್ಬರು ಕೂತು ಪ್ಲಾನ್ ಮಾಡಿದ್ರು ಅಂತಲ್ಲ. 2020ರ ಜೂನ್ 29ಕ್ಕೆ ಟಿಕ್‌ಟಾಕ್ ಬ್ಯಾನ್ ಆಯ್ತು, ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಬಂತು, ಸೆಪ್ಟೆಂಬರಲ್ಲಿ ಯೂಟ್ಯೂಬ್ ಶಾರ್ಟ್ಸು, ನಮ್ಮ ಬೆಂಗಳೂರಿನ ಶೇರ್‌ಚಾಟ್‌ನವರದ್ದು ಮೋಜ್. ಹಾಡಿಗೆ ತುಟಿ ಆಡಿಸೋಕೆ, ಅಡುಗೆ ತೋರ್ಸೋಕೆ, ಕುರಿ ಕಾಯೋನು ಕುಣಿಯೋಕೆ ಮಾಡಿದ್ದ ಜಾಗ ಅದು. ರಾಜಕೀಯ ಅಲ್ಲಿಗೆ ಬಾಡಿಗೆಗೆ ಬಂತು, ಮನೆಯ ಅಳತೆಗೆ ತಕ್ಕ ಹಾಗೆ ಕೈಕಾಲು ಕತ್ತರಿಸ್ಕೊಂಡ್ತು.

ಸ್ಟುಡಿಯೋ ಹುಡುಗನ ಎರಡು ಫೋಲ್ಡರು

ಅದೇ ಎಲೆಕ್ಷನ್ ಟೈಮಲ್ಲಿ, ಮೇ ಶುರು, ದೊಡ್ಡಪ್ಪನ ಮಗಳ ಮದುವೆ ಆಲ್ಬಮ್‌ಗೆ ಫೋಟೋ ಆರಿಸೋಕೆ ತಾಲ್ಲೂಕಿನ ಒಂದು ಸ್ಟುಡಿಯೋಗೆ ಹೋಗಿದ್ದೆ. ಎಡಿಟ್ ಮಾಡೋ ಹುಡುಗ ನಮ್ಮ ಕಡೆಯೋನೇ, ಡಿಪ್ಲೊಮಾ ಅರ್ಧಕ್ಕೆ ಬಿಟ್ಟು ಇದಕ್ಕೆ ಬಂದೋನು, ಕೈ ಬಹಳ ಚುರುಕು. ಡೆಸ್ಕ್‌ಟಾಪ್ ಮೇಲೆ ಎರಡು ಫೋಲ್ಡರು, ಒಂದರ ಹೆಸರು ಕಮಲ, ಇನ್ನೊಂದು ಕೈ, ಮಧ್ಯದಲ್ಲಿ "ನಾಮಕರಣ ಫೈನಲ್ 2". ನಾನು ನಗ್ತಿರೋದು ನೋಡಿ ಅವನೂ ನಕ್ಕ. "ಸೀಸನ್ ಅಣ್ಣ, ಮದುವೇನೂ ಸೀಸನ್ನು, ಎಲೆಕ್ಷನ್ನೂ ಸೀಸನ್ನು, ಎರಡೂ ಒಟ್ಟಿಗೆ ಬಂದ್ಬಿಟ್ಟಿದೆ."

ಪಾರ್ಟಿ ಆಫೀಸಿಂದ ನೇರ ಬರೋ ಕೆಲಸ ಕಮ್ಮಿ ಅಂತೆ. ಯುವ ಮುಖಂಡ ಅಂತ ಬೋರ್ಡ್ ಹಾಕ್ಕೊಂಡಿರೋರು, ಅಭಿಮಾನಿ ಬಳಗದೋರು, ಟ್ರೋಲ್ ಪೇಜ್ ಅಡ್ಮಿನ್‌ಗಳು ಕಳಿಸ್ತಾರೆ. ಕಚ್ಚಾ ಮಾಲು ವಾಟ್ಸಾಪಲ್ಲಿ ಬರತ್ತೆ, ಅದೂ ಹತ್ತು ಕೈ ದಾಟಿ ಮಂಕಾಗಿ. ಇವನು ಅದನ್ನ ಉದ್ದ ಮಾಡಿ, ಬಿಜಿಎಂ ಅಂದ್ರೆ ಹಿನ್ನೆಲೆ ಮ್ಯೂಸಿಕ್ಕು ಹಾಕಿ, ಬಣ್ಣ ಬದಲಾಯಿಸೋ ರೆಡಿ ಪ್ರಿಸೆಟ್ ಹಾಕಿ, ಅಕ್ಷರ ಕೂರಿಸಿ ವಾಪಸ್ ಕೊಡ್ತಾನೆ. ನಾಯಕನ ಎಂಟ್ರಿಗೆ ಒಂದು ಕ್ರಮ ಇದೆ. ಮೊದ್ಲು ಕಾರಿನ ಬಾಗಿಲು, ಆಮೇಲೆ ನೆಲಕ್ಕೆ ಇಳಿಯೋ ಕಾಲು, ಆಮೇಲೆ ಬೆನ್ನು, ಕೈ ಎತ್ತೋದು, ಬಿಜಿಎಂ ಬೀಳೋ ಜಾಗಕ್ಕೆ ಸರಿಯಾಗಿ ಮುಖ. ಎದುರಿನವರಿಗೆ ಬೇರೆ ಕ್ರಮ, ಮುಖ ಮೊದಲ ಸೆಕೆಂಡಲ್ಲೇ ಬರ್ಬೇಕು, ಅದೂ ಕೆಟ್ಟ ಮುಖ.

ಕೆಟ್ಟ ಮುಖ ಎಲ್ಲಿ ಸಿಗತ್ತೆ ಅಂತ ಕೇಳಿದೆ. ಅವನು ಒಬ್ಬ ನಾಯಕರ ಭಾಷಣ ತೆಗೆದು, ಮೌಸಿನ ಚಕ್ರ ತಿರುಗಿಸ್ತಾ ಒಂದೊಂದೇ ಫ್ರೇಮ್ ಮುಂದೆ ಬಿಟ್ಟ. "ಸೆಕೆಂಡಿಗೆ 25 ಫ್ರೇಮ್ ಅಣ್ಣ. ಎಷ್ಟೇ ಚೆಂದ ಇರೋರಾದ್ರೂ ಅದ್ರಲ್ಲಿ ಒಂದಾದ್ರೂ ಎಡವಟ್ಟಾಗಿ ಸಿಗ್ಲೇಬೇಕು." ಕಣ್ಣು ಅರ್ಧ ಮುಚ್ಚಿದ್ದು, ಬಾಯಿ ವಾರೆಯಾಗಿದ್ದು, ಎಂಜಲು ನುಂಗೋದು. ಓಡೋ ವಿಡಿಯೋದಲ್ಲಿ ಯಾರ ಕಣ್ಣಿಗೂ ಬೀಳದ್ದು. ಅಲ್ಲಿ ನಿಲ್ಸಿ, ಬಣ್ಣ ಇಳಿಸಿ, ಮೆಲ್ಲಗೆ ಝೂಮ್ ಮಾಡಿದ. ನಂಗೆ ಆ ನಾಯಕರ ಮೇಲೆ ಒಳ್ಳೆ ಅಭಿಪ್ರಾಯನೂ ಇರ್ಲಿಲ್ಲ ಕೆಟ್ಟದ್ದೂ ಇರ್ಲಿಲ್ಲ, ಆದ್ರೆ ಆ ಫ್ರೇಮ್ ನೋಡ್ತಿದ್ದಂಗೆ ಛೀ ಅನ್ಸ್ತು. ಅವರು ಅಲ್ಲಿ ಏನೂ ಹೇಳಿರ್ಲಿಲ್ಲ, ಒಂದು ಮಾತಿಂದ ಇನ್ನೊಂದು ಮಾತಿಗೆ ಹೋಗೋ ಮಧ್ಯ ಉಸಿರು ತಗೊಂಡಿದ್ರು ಅಷ್ಟೆ.

ಇನ್ನೊಂದು ತೋರಿಸ್ದ. ಏಪ್ರಿಲ್ ಬಿಸಿಲು, ವೇದಿಕೆ ಮೇಲೆ ಟವೆಲಲ್ಲಿ ಮುಖ ಒರೆಸ್ಕೊಳ್ಳೋ ದೃಶ್ಯ, ಎರಡೂ ಫೋಲ್ಡರಲ್ಲೂ ಒಂದೊಂದಿದೆ. ಒಂದರಲ್ಲಿ ಎದುರು ಪಾರ್ಟಿಯವರು ಒರೆಸ್ಕೊಳ್ತಾರೆ, ಬೂದು ಬಣ್ಣ, ಎದೆ ಬಡಿತದ ಸೌಂಡು, ಮೇಲೆ "ಸೋಲಿನ ಭಯ". ಇನ್ನೊಂದರಲ್ಲಿ ತಮ್ಮ ನಾಯಕರು ಒರೆಸ್ಕೊಳ್ತಾರೆ, ಚಿನ್ನದ ಬಣ್ಣದ ಬಿಸಿಲು, ಕೊಳಲು, ಮೇಲೆ "ಜನರಿಗಾಗಿ ಹರಿದ ಬೆವರು". ಎರಡನ್ನೂ ಮಾಡಿದ್ದು ಇವನೇ, ಒಂದೇ ಮಧ್ಯಾಹ್ನ, ಊಟಕ್ಕೂ ಮುಂಚೆ.

ಆ ಸಲ ಶಿವಮೊಗ್ಗದಲ್ಲಿ ಅವನಿಗೆ ಇನ್ನೊಂದು ತಲೆನೋವು ಇತ್ತು. ಬಿಜೆಪಿಯಿಂದ ರಾಘವೇಂದ್ರ, ಕಾಂಗ್ರೆಸ್‌ನಿಂದ ಗೀತಾ ಶಿವರಾಜಕುಮಾರ್, ಜೊತೆಗೆ ಬಂಡಾಯ ಎದ್ದು ಈಶ್ವರಪ್ಪ. ಈಶ್ವರಪ್ಪನವರೂ ಮೋದಿ ಫೋಟೋ ಹಾಕ್ಕೊಂಡೇ ಪ್ರಚಾರ ಮಾಡ್ತಿದ್ರು, ಬಿಜೆಪಿಯವರು ತಕರಾರು ಎತ್ತಿದ್ರು, ಈಶ್ವರಪ್ಪ ಮುಂಚೆನೇ ಕೋರ್ಟಿಗೆ ಕೇವಿಯಟ್ ಹಾಕಿದ್ರು, ಅಂದ್ರೆ ನನ್ನ ಮಾತು ಕೇಳದೆ ಆದೇಶ ಕೊಡಬೇಡಿ ಅಂತ. ಒಂದು ಫೋಟೋ ಯಾರದ್ದು ಅನ್ನೋದಕ್ಕೆ ಕೋರ್ಟು! ಹುಡುಗ ಹೇಳಿದ, "ಎರಡೂ ಕಡೆ ಮೋದಿ, ಎರಡೂ ಕಡೆ ಕೇಸರಿ, ಎರಡೂ ಕಡೆ ಹಿಂದುತ್ವ. ಹೆಂಗೆ ಬೇರೆ ಮಾಡ್ಲಿ ಅಣ್ಣ, ಟೆಂಪ್ಲೇಟೇ ಒಂದೇ ಆಗ್ಬಿಡತ್ತೆ." ಈ ಮಾತು ನಂಗೆ ಬಹಳ ಇಷ್ಟ ಆಯ್ತು. ಬಣ್ಣದಿಂದ ಬೇರೆ ಮಾಡೋಕಾಗದೇ ಇದ್ದಾಗ ಆ ಇಬ್ಬರ ರೀಲ್ಸಲ್ಲಿ ಅಪರೂಪಕ್ಕೆ ಮಾತು ಬೇಕಾಯ್ತು, ಯಾರು ಏನು ಮಾಡಿದ್ರು, ಕುಟುಂಬ ರಾಜಕಾರಣ ಅಂದ್ರೆ ಏನು, ಈಶ್ವರಪ್ಪನವರ ಮಗನಿಗೆ ಹಾವೇರಿ ಟಿಕೆಟ್ ಯಾಕೆ ತಪ್ತು ಅಂತ. ಕೊನೆಗೆ ರಾಘವೇಂದ್ರ ಎರಡು ಲಕ್ಷದ ಮೇಲೆ ಲೀಡಲ್ಲಿ ಗೆದ್ರು, ಈಶ್ವರಪ್ಪನವರಿಗೆ ಬಿದ್ದಿದ್ದು ಬರೀ 30 ಸಾವಿರದ ಆಸುಪಾಸು.

ನೀನು ಯಾರಿಗೆ ಹಾಕ್ತೀಯಪ್ಪ ಅಂತ ಕೇಳ್ದೆ. "ಅದೆಲ್ಲ ಹೇಳಬಾರ್ದು ಅಣ್ಣ" ಅಂದ, ಅಂದು ಮದುವೆ ಫೋಟೋಗೆ ವಾಪಸ್ ಹೋಗಿ, "ಅಕ್ಕನ ಮುಖ ಸ್ವಲ್ಪ ಬ್ರೈಟ್ ಮಾಡ್ಲಾ?" ಅಂತ ಕೇಳಿದ.

ನಗು ಇದ್ದಾಗ

ಎಲ್ಲಾ ಕಾಲದಲ್ಲೂ ಹಿಂಗೇ ಇತ್ತಾ ಅಂದ್ರೆ ಇಲ್ಲ ಅನ್ಸತ್ತೆ. 2019ರ ಮಂಡ್ಯ ನೆನಪಿದೆಯಲ್ಲ. "ನಿಖಿಲ್ ಎಲ್ಲಿದ್ದೀಯಪ್ಪಾ." 2016ರ ಒಂದು ಸಿನಿಮಾ ಫಂಕ್ಷನ್ನಿನ ಹಳೇ ಕ್ಲಿಪ್ಪು, ಅಪ್ಪ ಕುಮಾರಸ್ವಾಮಿ ವೇದಿಕೆ ಮೇಲಿಂದ ಕರೆಯೋದು, ಮಗ ನಿಖಿಲ್ ಜನರ ಮಧ್ಯದಿಂದ ಉತ್ತರ ಕೊಡೋದು, ಅಷ್ಟೇ. ಟಿಕ್‌ಟಾಕ್ ಇನ್ನೂ ಇತ್ತು, ಮದುವೆ ಮನೇಲಿ, ಕಬ್ಬಿನ ಗದ್ದೇಲಿ, ಶಾಲೆ ಮಕ್ಕಳು, ಎಲ್ಲರೂ ಮಾಡಿದ್ದೇ ಮಾಡಿದ್ದು. ನಿಖಿಲ್ ಎದುರು ಸುಮಲತಾ ಒಂದೂಕಾಲು ಲಕ್ಷ ಲೀಡಲ್ಲಿ ಗೆದ್ರು, ಅದು ಈ ಕ್ಲಿಪ್ಪಿಂದ ಅಲ್ಲ ಬಿಡಿ. ಆದ್ರೆ ಆ ವಿಡಿಯೋನ ಜೆಡಿಎಸ್ ಕಟ್ಟಾ ಅಭಿಮಾನಿಗಳೂ ಮಾಡ್ತಿದ್ರು, ನಗ್ತಿದ್ರು. ಪಟ ಒಂದೇ ಇತ್ತು, ಎರಡೂ ಕಡೆಯವರು ಒಟ್ಟಿಗೆ ನೋಡ್ತಿದ್ರು.

ಆಮೇಲೆ ನಗುನೂ ಒಂದು ಸಾಮಾನಾಯ್ತು. 2022ರ ಸೆಪ್ಟೆಂಬರಲ್ಲಿ ಬೊಮ್ಮಾಯಿ ಮುಖದ ಪೇಸಿಎಂ ಪೋಸ್ಟರು, 2023ರ ಬಜೆಟ್ ದಿನ ಕಾಂಗ್ರೆಸ್ ಶಾಸಕರು ಕಿವಿ ಮೇಲೆ ಹೂ ಇಟ್ಕೊಂಡು ಸದನಕ್ಕೆ ಬಂದಿದ್ದು, 2024ರಲ್ಲಿ ಕೇಂದ್ರ ಕೊಟ್ಟಿದ್ದು ಚೊಂಬು ಅಂತ ಕಾಂಗ್ರೆಸ್ ಹಾಕಿದ ಜಾಹೀರಾತು, ಅದಕ್ಕೆ ದೇವೇಗೌಡರು ಮೋದಿ ವೇದಿಕೆಯಿಂದ ಅಕ್ಷಯ ಪಾತ್ರೆ ಅಂತ ತಿರುಗಿಸಿದ್ದು. ಒಪ್ಕೋಬೇಕು, ಐಡಿಯಾ ಚೆನ್ನಾಗಿದ್ವು. ಕಿವಿ ಮೇಲೆ ಹೂ ಅಂದ್ರೆ ಏನು, ಚೊಂಬು ಕೊಟ್ರು ಅಂದ್ರೆ ಏನು ಅಂತ ಕನ್ನಡದವನಿಗೆ ಬಿಡಿಸಿ ಹೇಳ್ಬೇಕಾಗಿಲ್ಲ. ನಾನೂ ನಕ್ಕಿದೀನಿ. ಆದ್ರೆ ಈ ನಗೂಗೂ ಮಂಡ್ಯದ ನಗೂಗೂ ಒಂದು ವ್ಯತ್ಯಾಸ ಇದೆ, ಇದನ್ನ ಕ್ಯಾಮೆರಾಕ್ಕೆ ಅಂತಲೇ ಮಾಡಿದ್ದು, ನಗೋ ಗುಂಪು ಮತ್ತೆ ನಗಿಸ್ಕೊಳ್ಳೋ ಗುಂಪು ಮುಂಚೆನೇ ನಿರ್ಧಾರ ಆಗಿತ್ತು. ಹದಿನೈದನೇ ಹಣಕಾಸು ಆಯೋಗದಲ್ಲಿ ಕೇಂದ್ರ ರಾಜ್ಯಗಳಿಗೆ ಹಂಚೋ ತೆರಿಗೇಲಿ ನಮ್ಮ ಪಾಲು ಎಷ್ಟು ಇಳೀತು, 4.71 ಇದ್ದಿದ್ದು 3.64 ಪರ್ಸೆಂಟ್ ಹೆಂಗಾಯ್ತು ಅನ್ನೋದು ನಿಜವಾದ ವಿಷಯ, ಅದು ಇಡೀ ರಾಜ್ಯದ ವಿಷಯ, ಬಿಜೆಪಿಗೆ ವೋಟು ಹಾಕೋನಿಗೂ ಸೇರಿದ್ದು. ಚೊಂಬಿನ ಪಟ ಬಂದ ತಕ್ಷಣ ಅದು ಒಂದು ಪಾರ್ಟಿ ವಿಷಯ ಆಗೋಯ್ತು, ಆ ಬಣ್ಣ ನೋಡಿದ ಅರ್ಧ ಜನ ಮುಂದೆ ತಳ್ಳಿಬಿಟ್ರು.

ಬಸ್ಸಿನ ಜಗಳ

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯ್ತು. ಅದಾಗಿ ಸ್ವಲ್ಪ ದಿನಕ್ಕೇ ಹೆಂಗಸರು ಬಸ್ಸಲ್ಲಿ ಸೀಟಿಗೆ ಜಗಳ ಆಡೋ, ಜುಟ್ಟು ಹಿಡಿಯೋ, ಕಿಟಕೀಲಿ ಹತ್ತೋ, ಬಾಗಿಲೇ ಕಿತ್ತು ಬಂದ ವಿಡಿಯೋಗಳು. ಲೋಕಸಭೆ ಎಲೆಕ್ಷನ್ ತನಕ ಅವು ಸುತ್ತು ಹಾಕ್ತಾನೇ ಇದ್ವು. ಒಂದು ಪೇಜಲ್ಲಿ ಮೇಲೆ "ಬಿಟ್ಟಿ ಭಾಗ್ಯದ ಫಲ", ಕೆಳಗೆ ನಗೋ ಇಮೋಜಿ. ಎದುರಿನ ಪೇಜಲ್ಲಿ ಅದೇ ಯೋಜನೆಯ ಬೇರೆ ಪಟ, ಬಸ್ಸಿನ ಮೆಟ್ಟಿಲಿಗೆ ತಲೆ ಇಟ್ಟು ನಮಸ್ಕಾರ ಮಾಡಿ ಹತ್ತೋ ಅಜ್ಜಿ, ಹಿಂದೆ ಭಾವಗೀತೆ ಥರದ ಮ್ಯೂಸಿಕ್ಕು. ಒಂದು ಕಡೆಯವರಿಗೆ ಶಕ್ತಿ ಅಂದ್ರೆ ಜುಟ್ಟು, ಇನ್ನೊಂದು ಕಡೆಯವರಿಗೆ ಅಜ್ಜಿ. ಟಿಕೆಟ್ ಮೇಲೆ ಹಾಕೋ ದುಡ್ಡು ನಿಗಮಕ್ಕೆ ವಾಪಸ್ ಯಾವಾಗ ಬರತ್ತೆ, ನಮ್ಮ ಮಲೆನಾಡಲ್ಲಿ ಮೊದಲೇ ಖಾಸಗಿ ಬಸ್ಸುಗಳೇ ಜಾಸ್ತಿ ಓಡೋ ರೂಟುಗಳಲ್ಲಿ ಈ ಯೋಜನೆ ಯಾರಿಗೆ ಸಿಗತ್ತೆ ಅನ್ನೋದರ ವಿಡಿಯೋ ನಾನಂತೂ ನೋಡಿಲ್ಲ, ಅದಕ್ಕೆ ಬಿಜಿಎಂ ಸಿಗಲ್ಲ ಬಿಡಿ.

ಒಂದಿನ ಮನೇಲಿ ಎಲ್ಲರೂ ಕೂತಿದ್ವಿ. ಚಿಕ್ಕಪ್ಪ ಒಂದು ಜುಟ್ಟಿನ ವಿಡಿಯೋ ಜೋರು ಸೌಂಡಲ್ಲಿ ಹಾಕಿ, "ನೋಡ್ರೋ, ಇದಕ್ಕೇ ನಮ್ಮ ಟ್ಯಾಕ್ಸ್ ದುಡ್ಡು" ಅಂದ್ರು. ಅಣ್ಣ ತಿರುಗಿ ಏನೋ ಹೇಳೋಕೆ ಹೋದ, ತನ್ನ ಫೋನಲ್ಲಿ ಉತ್ತರ ಹುಡುಕೋಕೆ ಶುರು ಮಾಡಿದ, ಅಂದ್ರೆ ಬಾಯಲ್ಲಿ ಅಲ್ಲ, ಇನ್ನೊಂದು ವಿಡಿಯೋ. ಇದೂ ಈಗಿನ ಅಭ್ಯಾಸ, ಜಗಳದಲ್ಲಿ ಜನ ಮಾತಾಡಲ್ಲ, ಸ್ಕ್ರೀನು ತಿರುಗಿಸಿ ಮುಖದ ಮುಂದೆ ಹಿಡೀತಾರೆ. ಅತ್ತಿಗೆ ಅಡಿಕೆ ಸುಲೀತಾ ಕೂತಿದ್ರು, ವಾರಕ್ಕೊಂದ್ಸಲ ಅದೇ ಸರ್ಕಾರಿ ಬಸ್ಸಲ್ಲಿ ಶಿವಮೊಗ್ಗದ ಆಸ್ಪತ್ರೆಗೆ ಅವರಮ್ಮನ್ನ ಕರ್ಕೊಂಡು ಹೋಗೋರು. ಕೈ ನಿಲ್ಲಿಸ್ದೆ ಹೇಳಿದ್ರು, "ಸೀಟಿಗೆ ಜಗಳ ನಾವು ದುಡ್ಡು ಕೊಟ್ಟು ಹೋಗೋವಾಗ್ಲೂ ಆಡ್ತಿದ್ವಿ ಚಿಕ್ಕಪ್ಪಯ್ಯ. ಆವಾಗ ವಿಡಿಯೋ ಮಾಡೋಕೆ ಗಂಡಸರಿಗೆ ಪುರಸೊತ್ತಿರ್ಲಿಲ್ಲ."

ಚಿಕ್ಕಪ್ಪ ಫೋನ್ ಇಳಿಸಿದ್ರು ಅಂತೇನಿಲ್ಲ, ಮುಂದಿನದ್ದು ತಳ್ಳಿದ್ರು. ಆದ್ರೆ ಆ ಮಾತು ಅಲ್ಲಿಗೆ ಬರೋಕೆ ಕಾರಣ ಅತ್ತಿಗೆ ಆ ಬಸ್ಸಲ್ಲಿ ಹೋಗ್ತಾರೆ ಅನ್ನೋದು. ಉಳಿದ ನಮಗೆಲ್ಲಾ ಆ ಬಸ್ಸು ಬರೀ ಪಟ.

ಕತ್ತರಿ ಮುಂದೆ ರೂಲ್ಸು

ಆ ಎಲೆಕ್ಷನ್ನಲ್ಲಿ ಎಲ್ಲರೂ ಹೆದರಿದ್ದು ಡೀಪ್‌ಫೇಕಿಗೆ. ಮೇ 6ಕ್ಕೆ ಚುನಾವಣಾ ಆಯೋಗ ಪಾರ್ಟಿಗಳಿಗೆ ಹೇಳ್ತು, ನಕಲಿ ವಿಡಿಯೋ ಗಮನಕ್ಕೆ ಬಂದ 3 ಗಂಟೆ ಒಳಗೆ ತೆಗೀರಿ ಅಂತ. ಒಳ್ಳೇದೇ. ಆದ್ರೆ ಟವೆಲಲ್ಲಿ ಮುಖ ಒರೆಸ್ಕೊಂಡಿದ್ದು ನಕಲಿ ಅಲ್ಲ. ಬಸ್ಸಿನ ಜುಟ್ಟು ನಕಲಿ ಅಲ್ಲ. ಕಂಬ ಹತ್ತಿದ ಹುಡುಗ ನಕಲಿ ಅಲ್ಲ. ನನ್ನ ಕೇಳಿದ್ರೆ ನಮ್ಮ ಕಡೆ ಕೆಲಸ ಮಾಡಿದ್ದು ಎಐ ಅಲ್ಲ, ಕತ್ತರಿ.

ಇನ್ನು ಹೆಸರು ಹಾಕ್ಕೊಂಡೇ ಮಾಡಿದ್ದಕ್ಕೆ ಏನಾಯ್ತು? ರಾಜ್ಯ ಬಿಜೆಪಿಯ ಖಾತೆಯಿಂದ ಮೇ 4ಕ್ಕೆ ಒಂದು ಕಾರ್ಟೂನ್ ವಿಡಿಯೋ ಬಂತು. ಗೂಡಲ್ಲಿ ಎಸ್‌ಸಿ, ಎಸ್‌ಟಿ, ಒಬಿಸಿ ಅಂತ ಮೊಟ್ಟೆಗಳು, ರಾಹುಲ್ ಗಾಂಧಿ ಸಿದ್ದರಾಮಯ್ಯ ಸೇರಿ ಮುಸ್ಲಿಂ ಅಂತ ಬರೆದ ಮೊಟ್ಟೆ ತಂದಿಡೋದು, ಅದು ಮರಿಯಾಗಿ ಅನುದಾನ ಎಲ್ಲಾ ತಿಂದು ಬೇರೆ ಮರಿಗಳನ್ನ ಒದ್ದು ಹೊರಗೆ ಹಾಕೋದು. ಒಂದು ಇಡೀ ಸಮುದಾಯನ ಟೋಪಿ ಹಾಕಿದ ಮರಿ ಮಾಡಿ ತೋರ್ಸೋದಕ್ಕಿಂತ ಕೆಳಗೆ ಹೋಗೋದು ಕಷ್ಟ ಅಂತ ನನ್ನ ಅಭಿಪ್ರಾಯ, ಒಪ್ಪದೋರು ಒಪ್ಪದೇ ಇರಲಿ. ದೂರು ಹೋಯ್ತು, ಎಫ್‌ಐಆರ್ ಆಯ್ತು, ಆಯೋಗ ಎಕ್ಸ್‌ಗೆ ತೆಗೀರಿ ಅಂತ ಬರೆದಿದ್ದು ಮೇ 7. ನಮ್ಮ ಜಿಲ್ಲೇಲಿ ಜನ ಕ್ಯೂ ನಿಂತು ವೋಟು ಹಾಕ್ತಿದ್ದ ದಿನ. ಪ್ರಚಾರ ನಿಲ್ಸಬೇಕಾದ 48 ಗಂಟೆಯೆಲ್ಲಾ ಅದು ಫೋನಿಂದ ಫೋನಿಗೆ ಓಡಾಡ್ಕೊಂಡೇ ಇತ್ತು. ವಾಟ್ಸಾಪ್ ಸ್ಟೇಟಸ್‌ಗಳಿಂದ ಅದನ್ನ ಯಾರು ತೆಗೆಸ್ತಾರೆ?

ಲೆಕ್ಕದ ವಿಷಯ ಇನ್ನೂ ತಮಾಷೆ. ಲೋಕಸಭೆ ಕ್ಯಾಂಡಿಡೇಟು ನಮ್ಮ ರಾಜ್ಯದಲ್ಲಿ 95 ಲಕ್ಷದ ಒಳಗೆ ಖರ್ಚು ಮಾಡ್ಬೇಕು, ಸೋಷಿಯಲ್ ಮೀಡಿಯಾ ಜಾಹೀರಾತಿಗೆ ಮುಂಚೆನೇ ಮಾಧ್ಯಮ ಸಮಿತಿಯ ಒಪ್ಪಿಗೆ ಬೇಕು, ದುಡ್ಡು ಕೊಟ್ಟು ಓಡಿಸಿದ ಆ್ಯಡ್‌ಗಳು ಫೇಸ್‌ಬುಕ್ ಗೂಗಲ್‌ನ ಆ್ಯಡ್ ಲೈಬ್ರರೀಲಿ ಕಾಣ್ತಾವೆ. ಅಭಿಮಾನಿ ಬಳಗದ ಹುಡುಗ ಸ್ಟುಡಿಯೋ ಹುಡುಗನಿಗೆ ಫೋನ್‌ಪೇ ಮಾಡಿದ್ದು, ಟ್ರೋಲ್ ಪೇಜ್ ಅಡ್ಮಿನ್‌ಗೆ "ಪ್ರಮೋಷನ್" ಅಂತ ಕೊಟ್ಟಿದ್ದು ಯಾವ ಲೈಬ್ರರೀಲೂ ಇರಲ್ಲ.

ಗೊತ್ತಿರೋ ಮುಖ

ಈ ಬಣ್ಣದಾಟ ಕೆಲಸ ಮಾಡದೇ ಇರೋದನ್ನ ನಾನು ಒಂದು ಕಡೆ ಮಾತ್ರ ನೋಡಿದೀನಿ, 2020ರ ಡಿಸೆಂಬರಿನ ಗ್ರಾಮ ಪಂಚಾಯ್ತಿ ಎಲೆಕ್ಷನ್ನು. ಅದರಲ್ಲಿ ಪಾರ್ಟಿ ಚಿಹ್ನೆ ಇಲ್ಲ. ಯಾರು ಯಾವ ಪಾರ್ಟಿ ಬೆಂಬಲಿತ ಅಂತ ಎಲ್ಲರಿಗೂ ಗೊತ್ತು, ಆದ್ರೂ ಬ್ಯಾಲೆಟಲ್ಲಿ ಆಟೋ, ಸಿಲಿಂಡರು, ಟ್ರ್ಯಾಕ್ಟರು. ರೀಲ್ಸ್ ಆಗಷ್ಟೇ ಬಂದಿತ್ತು, ಹುಡುಗರಿಗೆ ಹೊಸ ಹುಮ್ಮಸ್ಸು. ನಮ್ಮ ವಾರ್ಡಲ್ಲಿ ಆಟೋ ಚಿಹ್ನೆಗೆ ನಿಂತಿದ್ದೋನು ನಮ್ಮ ಕೇರಿಯವನೇ, ದಿನಾ ಬೆಳಿಗ್ಗೆ ಲುಂಗಿ ಮೇಲೆ ಕಟ್ಕೊಂಡು ಡೈರಿಗೆ ಹಾಲು ಹಾಕೋಕೆ ಬರೋನು. ಅವನಿಗೂ ಒಂದು ಎಡಿಟ್ ಮಾಡಿಸಿದ್ರು. ಬಿಳಿ ಬಟ್ಟೆ, ಬಾಡಿಗೆ ಕಾರಿನ ಬಾಗಿಲು ತೆಗೀತಾನೆ, ಕಾಲು ಇಡ್ತಾನೆ, ಸ್ಲೋ ಮೋಷನಲ್ಲಿ ತಿರುಗ್ತಾನೆ, ಮಾಸ್ ಸಿನಿಮಾದ ಬಿಜಿಎಂ, ಮೇಲೆ "ಜನನಾಯಕ". ಹಿಂದೆ ಅವನ ಮನೆ ಕೊಟ್ಟಿಗೆ, ಅದರಲ್ಲಿ ಎಮ್ಮೆ ಕಾಣತ್ತೆ.

ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿ ಐದು ನಿಮಿಷ ಆಗಿಲ್ಲ, ಅವನ ಸ್ವಂತ ಪಾರ್ಟಿಯವರೇ ಒಬ್ಬರು ಬರೆದ್ರು, "ಜನನಾಯಕರೇ, ಮಳೆಗಾಲಕ್ಕೆ ಮುಂಚೆ ತಗೊಂಡು ಹೋದ ಔಷಧಿ ಹೊಡಿಯೋ ಪಂಪು ಯಾವಾಗ ವಾಪಸ್ ಕೊಡ್ತೀರಿ?" ಎದುರಾಳಿ ಕಡೆಯವರು ಅದಕ್ಕೆ ನಕ್ಕು, ಪಂಪಿನ ಪೈಪು ತಮ್ಮ ಮನೇಲಿದೆ ಅಂದ್ರು. ಅವನು ವಾಯ್ಸ್ ಮೆಸೇಜ್ ಹಾಕಿದ, ವಾಷರ್ ಹೋಗಿದೆ, ತೀರ್ಥಹಳ್ಳಿಗೆ ಹೋದಾಗ ಹಾಕಿಸ್ಕೊಂಡು ಬರ್ತೀನಿ, ಆಮೇಲೆ ನಮ್ಮ ಕೇರಿ ಚರಂಡಿ ವಿಷಯ ಯಾರೂ ಯಾಕೆ ಮಾತಾಡ್ತಿಲ್ಲ ಅಂತ. ಅಲ್ಲಿಂದ ಚರಂಡಿ ಯಾವ ಕಡೆಯಿಂದ ತೆಗೀಬೇಕು, ಯಾರ ತೋಟದ ಬದಿಗೆ ನೀರು ಬಿಡಬೇಕು ಅಂತ ರಾತ್ರಿ ತನಕ ಎರಡೂ ಪಾರ್ಟಿಯವರು ಒಂದೇ ಗ್ರೂಪಲ್ಲಿ ಕಿತ್ತಾಡಿದ್ರು, ಬೈದಾಡ್ಕೊಂಡ್ರು, ಒಬ್ಬರು ಗ್ರೂಪು ಬಿಟ್ಟು ಹೋಗಿ ಬೆಳಿಗ್ಗೆ ವಾಪಸ್ ಬಂದ್ರು. ಆ ವಿಡಿಯೋನ ಮತ್ತೆ ಯಾರೂ ನೋಡಿದಂಗಿಲ್ಲ.